ರೈಲಿಗೊಂದು ಜೋಡಿ ವಯರ್, ಪಾಯಿಂಟಿಗೊಂದು ಜೋಡಿ

ಡಿಜಿಟಲ್ ಮಾದರಿ ರೈಲು ಓಡಿಸುವವರಿಗೆ ಇವತ್ತಲ್ಲ ನಾಳೆ ಎದುರಾಗುವ ಸಮಸ್ಯೆ ಇದು. ಲೂಪ್ ಲೈನಿನಲ್ಲಿ, ಅಂದರೆ ಮೇನ್ ಲೈನಿನಿಂದ ಒಡೆದ ಪಕ್ಕದ ಹಳಿಯಲ್ಲಿ, ನಿಂತ ಗಾಡಿಯನ್ನು ಹೊರಡಿಸುತ್ತೀರಿ. ಮುಂದಿನ ಪಾಯಿಂಟ್, ಅಂದರೆ ಎರಡು ಹಳಿ ಕೂಡುವಲ್ಲಿ ದಾರಿ ಬದಲಿಸುವ ತುಂಡು, ಇನ್ನೂ ಮೇನ್ ಲೈನಿನ ಕಡೆಗೇ ಇದೆ, ಅದು ಗಮನಕ್ಕೆ ಬಂದಿಲ್ಲ. ಇಂಜಿನ್ನಿನ ಮೊದಲ ಗಾಲಿ ಪಾಯಿಂಟಿಗೆ ಹತ್ತಿದ್ದೇ ತಡ, ಲೇಔಟಿನ, ಅಂದರೆ ಹಲಗೆಯ ಮೇಲೆ ಕಟ್ಟಿದ ಪುಟ್ಟ ರೈಲು ಮಾರ್ಗದ, ಎಲ್ಲ ಗಾಡಿಗಳೂ ನಿಂತುಬಿಡುತ್ತವೆ. ಶಾರ್ಟ್ ಆಗಿದೆ. ಸರಿ, ಪಾಯಿಂಟ್ ತಿರುಗಿಸೋಣ ಅಂತ ಕಂಟ್ರೋಲರಿನ ಬಟನ್ ಒತ್ತಿದರೆ ಪಾಯಿಂಟೂ ಅಲ್ಲಾಡುವುದಿಲ್ಲ. ಶಾರ್ಟ್ ಹೋಗಬೇಕಾದರೆ ಪಾಯಿಂಟ್ ತಿರುಗಬೇಕು. ಪಾಯಿಂಟ್ ತಿರುಗಬೇಕಾದರೆ ಕರೆಂಟ್ ಬೇಕು. ಕರೆಂಟ್ ಬರಬೇಕಾದರೆ ಶಾರ್ಟ್ ಹೋಗಬೇಕು. ಕೊನೆಗೆ ಕೈ ಹಾಕಿ ಇಂಜಿನ್ ಹಿಂದಕ್ಕೆ ತಳ್ಳುವುದೇ ಗತಿ.

ಕುಂಬಳೆಯ ಹತ್ತಿರ ಇರುವ ನನ್ನ ಭಾವ ಮನೆಯ ಮಾಳಿಗೆಯಲ್ಲಿ ಲೇಔಟ್ ಕಟ್ಟುತ್ತಿದ್ದಾರೆ. ಕರಾವಳಿ ಲೈನಿನ ಒಂದು ಸಣ್ಣ ಸ್ಟೇಷನ್, ಎರಡು ಮೇನ್ ಲೈನ್, ಒಂದು ಲೂಪ್, ಗೂಡ್ಸ್ ನಿಲ್ಲಲು ಒಂದು ಸೈಡಿಂಗ್. ಅಳತೆ ಎಚ್‌ಒ, ಅಂದರೆ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್. ಹಳಿ ಹಾಕಿ ಮುಗಿದ ಮೇಲೆ ಅವರು ಫೋನ್ ಮಾಡಿ ಕೇಳಿದ್ದು ಇದೇ: "ಎಂತ ಭಾವಾ, ಗಾಡಿ ನಿಂತರೆ ಪಾಯಿಂಟೂ ನಿಲ್ತದಲ್ಲ, ಇದಕ್ಕೆ ಎಂತ ಮಾಡುದು?" ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಹಲಗೆಯ ಅಡಿಯ ವಯರಿಂಗಿನಲ್ಲಿ ನೂರು ಸಣ್ಣ ವಿಷಯಗಳಿವೆ. ಆದರೆ ಮೊದಲೇ ತೀರ್ಮಾನಿಸಬೇಕಾದ್ದು ಒಂದೇ: ರೈಲಿಗೆ ಹೋಗುವ ವಯರಿನಿಂದ ಪಾಯಿಂಟ್ ಮೋಟರಿಗೆ ಕರೆಂಟ್ ಕೊಡಬೇಡಿ. ಪಾಯಿಂಟುಗಳಿಗೆ ಅವುಗಳದ್ದೇ ಜೋಡಿ ವಯರ್ ಎಳೆಯಿರಿ.

ಎರಡೇ ವಯರಿನಲ್ಲಿ ಕರೆಂಟೂ, ಆರ್ಡರೂ

ಹಳೆಯ ಪದ್ಧತಿಯಲ್ಲಿ ಹಳಿಗೆ ಡಿಸಿ ಕರೆಂಟ್ ಕೊಡುತ್ತಿದ್ದರು. ವೋಲ್ಟೇಜ್ ಏರಿಸಿದರೆ ಗಾಡಿ ಜೋರು, ಇಳಿಸಿದರೆ ನಿಧಾನ. ಎರಡು ಗಾಡಿ ಬೇರೆ ಬೇರೆ ಓಡಬೇಕಾದರೆ ಹಳಿಯನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಸ್ವಿಚ್ ಹಾಕಬೇಕಿತ್ತು. ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್ ಪದ್ಧತಿ ಈ ತಾಪತ್ರಯವನ್ನು ತೆಗೆದುಹಾಕಿತು. ಇದರ ಮೂಲ ಕೆಲಸ ನಡೆದದ್ದು ಜರ್ಮನಿಯ ಲೆಂಝ್ ಕಂಪನಿಯಲ್ಲಿ, 1980ರ ದಶಕದ ಕೊನೆಯ ಹೊತ್ತಿಗೆ. 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಅದನ್ನು ಸ್ಟ್ಯಾಂಡರ್ಡ್ ಆಗಿ ಒಪ್ಪಿಕೊಂಡಿತು. ಹಾಗಾಗಿ ಇವತ್ತು ಒಂದು ಕಂಪನಿಯ ಕಂಟ್ರೋಲರಿನಿಂದ ಇನ್ನೊಂದು ಕಂಪನಿಯ ಇಂಜಿನ್ ಓಡಿಸಬಹುದು.

ಡಿಸಿಸಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಎಚ್‌ಒ ಅಳತೆಗೆ ಸಾಮಾನ್ಯವಾಗಿ 14, 15 ವೋಲ್ಟ್. ಆದರೆ ಅದು ಒಂದೇ ಕಡೆಗೆ ಹರಿಯುವುದಿಲ್ಲ. ಒಂದು ಕ್ಷಣ ಎಡ ಹಳಿ ಪ್ಲಸ್, ಮರುಕ್ಷಣ ಬಲ ಹಳಿ ಪ್ಲಸ್, ಹೀಗೆ ಸೆಕೆಂಡಿಗೆ ಸಾವಿರಾರು ಸಲ ಅದಲು ಬದಲಾಗುತ್ತದೆ. ಆರ್ಡರ್ ಅಡಗಿರುವುದು ಈ ಅದಲು ಬದಲಿನ ವೇಗದಲ್ಲೇ. 58 ಮೈಕ್ರೋಸೆಕೆಂಡಿಗೆ ಬದಲಾದರೆ ಅದು 1. 100 ಮೈಕ್ರೋಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಅದು 0. ಈ 1, 0ಗಳ ಸಾಲನ್ನು ಇಂಜಿನ್ನಿನ ಒಳಗಿನ ಡಿಕೋಡರ್ ಓದುತ್ತಲೇ ಇರುತ್ತದೆ. ತನ್ನ ನಂಬರ್ ಬಂದರೆ ಪಾಲಿಸುತ್ತದೆ, ಬೇರೆಯವರ ನಂಬರ್ ಬಂದರೆ ಬಿಡುತ್ತದೆ.

ಪಾಯಿಂಟಿಗೂ ಇಂಥದೇ ಡಿಕೋಡರ್ ಇದೆ. ಅದನ್ನು ಆಕ್ಸೆಸರಿ ಡಿಕೋಡರ್ ಅನ್ನುತ್ತಾರೆ. ಅದು ಹಲಗೆಯ ಅಡಿಯಲ್ಲಿ ಕೂತಿರುತ್ತದೆ. ಹೆಚ್ಚಿನವುಗಳಲ್ಲಿ ನಾಲ್ಕು ಔಟ್‌ಪುಟ್ ಇರುತ್ತವೆ, ಅಂದರೆ ಒಂದು ಡಿಕೋಡರಿಗೆ ನಾಲ್ಕು ಪಾಯಿಂಟ್. ಇಂಜಿನ್ ನಂಬರ್ 3, ಪಾಯಿಂಟ್ ನಂಬರ್ 3 ಎರಡೂ ಇದ್ದರೆ ಗೊಂದಲ ಆಗುವುದಿಲ್ವಾ ಅಂತ ಭಾವ ಕೇಳಿದ್ದರು. ಆಗುವುದಿಲ್ಲ. ಇಂಜಿನ್ನಿನ ಆರ್ಡರಿನ ರಚನೆಯೇ ಬೇರೆ, ಪಾಯಿಂಟಿನದ್ದೇ ಬೇರೆ. ಎರಡು ಸಾವಿರಕ್ಕೂ ಹೆಚ್ಚು ಪಾಯಿಂಟುಗಳಿಗೆ ನಂಬರ್ ಕೊಡುವಷ್ಟು ಜಾಗ ಇದೆ. ಮನೆಯ ಲೇಔಟಿಗೆ ಅದು ಧಾರಾಳ.

ಆರ್ಡರೂ ಕರೆಂಟೂ ಒಂದೇ ಜೋಡಿ ವಯರಿನಲ್ಲಿ ಬರುವುದರಿಂದ ಆಕ್ಸೆಸರಿ ಡಿಕೋಡರಿನ ಎರಡು ವಯರನ್ನು ಹತ್ತಿರದ ಹಳಿಗೆ ಬೆಸೆದರೂ ಅದು ಕೆಲಸ ಮಾಡುತ್ತದೆ. ಸುಲಭ ದಾರಿ. ಡಿಕೋಡರಿನ ಜೊತೆ ಬರುವ ಚೀಟಿಗಳಲ್ಲೂ ಎಷ್ಟೋ ಸಲ ಹಾಗೇ ತೋರಿಸಿರುತ್ತಾರೆ. ಸಮಸ್ಯೆ ಹುಟ್ಟುವುದೂ ಅಲ್ಲೇ. ಹಳಿಯಲ್ಲಿ ಶಾರ್ಟ್ ಆದಾಗ ಬೂಸ್ಟರ್, ಅಂದರೆ ಹಳಿಗೆ ಕರೆಂಟ್ ಕಳಿಸುವ ಪೆಟ್ಟಿಗೆ, ತನ್ನನ್ನು ಉಳಿಸಿಕೊಳ್ಳಲು ಔಟ್‌ಪುಟ್ ಕಡಿಯುತ್ತದೆ. ಆ ಕ್ಷಣಕ್ಕೆ ಪಾಯಿಂಟಿಗೆ ಕರೆಂಟೂ ಇಲ್ಲ, ಆರ್ಡರೂ ಇಲ್ಲ.

ಶಾರ್ಟ್ ಆಗುವುದಾದರೂ ಯಾಕೆ?

ಇದು ಅರ್ಥವಾಗಬೇಕಾದರೆ ಪಾಯಿಂಟಿನ ನಡುವಿನ ಫ್ರಾಗ್ ಅನ್ನು ನೋಡಬೇಕು. ಎರಡು ದಾರಿಗಳ ಒಳ ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಇಂಗ್ಲಿಷಿನ ವಿ ಆಕಾರದ ಒಂದು ತುಂಡು ಇರುತ್ತದೆ. ಅದೇ ಫ್ರಾಗ್.

ನೇರ ಹೋಗುವ ಮೇನ್ ಲೈನ್, ಬಲಕ್ಕೆ ಒಡೆಯುವ ಲೂಪ್ ಅಂತ ಇಟ್ಟುಕೊಳ್ಳಿ. ನೇರ ದಾರಿಯ ಬಲ ಹಳಿ ಫ್ರಾಗ್ ಮೂಲಕ ಹಾದುಹೋಗುತ್ತದೆ. ಲೂಪಿನ ಎಡ ಹಳಿಯೂ ಅದೇ ಫ್ರಾಗ್ ಮೂಲಕ ಹಾದುಹೋಗುತ್ತದೆ. ಅಂದರೆ ಗಾಡಿ ನೇರ ಹೋಗುವಾಗ ಫ್ರಾಗ್ ಬಲ ಹಳಿಯ ಕಡೆಯದ್ದಾಗಿರಬೇಕು, ಲೂಪಿಗೆ ಹೋಗುವಾಗ ಎಡ ಹಳಿಯ ಕಡೆಯದ್ದಾಗಬೇಕು. ಒಂದೇ ಲೋಹದ ತುಂಡಿಗೆ ಎರಡು ಪಾತ್ರ.

ಇದನ್ನು ತಪ್ಪಿಸಲು ಕೆಲವು ಪಾಯಿಂಟುಗಳಲ್ಲಿ ಫ್ರಾಗ್ ಅನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿರುತ್ತಾರೆ. ವಯರಿಂಗ್ ಸುಲಭ, ಆದರೆ ಆ ತುಂಡಿನ ಮೇಲೆ ಗಾಲಿಗೆ ಕರೆಂಟ್ ಸಿಗುವುದಿಲ್ಲ. ಉದ್ದ ಇಂಜಿನ್ ಹೇಗೋ ದಾಟಿಬಿಡುತ್ತದೆ. ನಾಲ್ಕೇ ಗಾಲಿಯ ಸಣ್ಣ ಶಂಟರ್ ನಿಧಾನಕ್ಕೆ ಬಂದರೆ ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆಯ ಗಾಳಿಯಲ್ಲಿ ಉಪ್ಪು, ತೇವ ಎರಡೂ ಇವೆ. ಹಳಿಯ ಮೇಲೆ ಪೊರೆ ಬೇಗ ಕಟ್ಟುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಫ್ರಾಗ್ ಕೂಡ ಇದ್ದರೆ ಸಣ್ಣ ಇಂಜಿನ್ ಮಳೆಗಾಲದಲ್ಲಿ ಸರಿಯಾಗಿ ಓಡುವುದೇ ಇಲ್ಲ. ಆದ್ದರಿಂದ ಕರಾವಳಿಯಲ್ಲಿ ಲೇಔಟ್ ಕಟ್ಟುವವರು ಲೋಹದ ಫ್ರಾಗಿನ ಪಾಯಿಂಟನ್ನೇ ತೆಗೆದುಕೊಳ್ಳಬೇಕು ಅಂತ ನನ್ನ ಖಚಿತ ಅಭಿಪ್ರಾಯ. ಪೆಕೊ ಕಂಪನಿ ಪ್ಲಾಸ್ಟಿಕ್ ಫ್ರಾಗಿನದ್ದನ್ನು ಇನ್ಸುಲ್‌ಫ್ರಾಗ್, ಲೋಹದ್ದನ್ನು ಎಲೆಕ್ಟ್ರೋಫ್ರಾಗ್ ಅನ್ನುತ್ತದೆ. ಅದರ ಯೂನಿಫ್ರಾಗ್ ಇವೆರಡರ ನಡುವಿನದ್ದು. ಫ್ರಾಗ್ ಲೋಹದ್ದೇ, ಆದರೆ ಸುತ್ತಲಿನ ಹಳಿಯಿಂದ ಬೇರೆ ಮಾಡಿ, ಒಂದು ವಯರ್ ಹೊರಬಿಟ್ಟಿರುತ್ತಾರೆ. ಆ ವಯರಿಗೆ ಏನು ಕೊಡಬೇಕೆಂಬುದು ನಿಮಗೆ ಬಿಟ್ಟದ್ದು.

ಲೋಹದ ಫ್ರಾಗ್ ಅಂದಮೇಲೆ ಅದರ ಆಚೆಗಿನ ಎರಡೂ ಒಳ ಹಳಿಗಳಿಗೆ ಪ್ಲಾಸ್ಟಿಕ್ ಜಾಯಿನರ್, ಅಂದರೆ ಹಳಿ ಜೋಡಿಸಿಯೂ ಕರೆಂಟ್ ದಾಟಿಸದ ಕೊಂಡಿ, ಹಾಕಲೇಬೇಕು. ಇಲ್ಲದಿದ್ದರೆ ಮೇನ್ ಲೈನಿನ ಬಲ ಹಳಿಯೂ ಲೂಪಿನ ಎಡ ಹಳಿಯೂ ಫ್ರಾಗಿನಲ್ಲಿ ಕೂಡಿ ನೇರ ಶಾರ್ಟ್. ಈಗ ಆ ಲೂಪಿನ ಗಾಡಿಯ ವಿಷಯಕ್ಕೆ ಬನ್ನಿ. ಪಾಯಿಂಟ್ ಮೇನ್ ಲೈನಿಗಿದೆ. ಹಾಗಾಗಿ ಫ್ರಾಗ್ ಬಲ ಹಳಿಗೆ ಸೇರಿದೆ. ಪ್ಲಾಸ್ಟಿಕ್ ಜಾಯಿನರಿನ ಈಚೆ ಲೂಪಿನ ಎಡ ಹಳಿ ಇದೆ. ಇಂಜಿನ್ನಿನ ಗಾಲಿ ಆ ಜಾಯಿನರನ್ನು ದಾಟುವಾಗ ಒಂದು ಬದಿಯಲ್ಲಿ ಎಡದ ಕರೆಂಟ್, ಇನ್ನೊಂದು ಬದಿಯಲ್ಲಿ ಬಲದ ಕರೆಂಟ್. ಲೋಹದ ಗಾಲಿ ಎರಡನ್ನೂ ಜೋಡಿಸಿಬಿಡುತ್ತದೆ. ಬೂಸ್ಟರ್ ಕಡಿಯುವುದು ಆಗಲೇ.

ಅಂದರೆ ಶಾರ್ಟ್ ಆಗುವುದು ಕಳಪೆ ಕೆಲಸದ ಗುರುತಲ್ಲ. ವಯರಿಂಗ್ ಎಲ್ಲ ಸರಿಯಿದ್ದರೂ, ತಿರುಗಿಸದ ಪಾಯಿಂಟಿಗೆ ಗಾಡಿ ನುಗ್ಗಿದರೆ ಶಾರ್ಟ್ ಆಗಿಯೇ ಆಗುತ್ತದೆ. ಅದಕ್ಕೇ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ವಯರ್ ಎಳೆಯಬೇಕು.

ಎರಡನೇ ಜೋಡಿ

ದೊಡ್ಡ ರೈಲ್ವೆಯಲ್ಲಿ ಇದನ್ನು ಹೇಗೆ ಮಾಡಿದ್ದಾರೆ ನೋಡಿ. ಕಾಸರಗೋಡಿನ ಮೇಲೆ ಹೋಗುವ ಲೈನಿನಲ್ಲಿ ಇಂಜಿನ್ನಿಗೆ ಮೇಲಿನ ತಂತಿಯಿಂದ 25,000 ವೋಲ್ಟ್ ಎಸಿ ಬರುತ್ತದೆ. ಭಾರತೀಯ ರೈಲ್ವೆಯ ಪಾಯಿಂಟ್ ಮೆಷಿನ್ ಓಡುವುದು 110 ವೋಲ್ಟ್ ಡಿಸಿಯಲ್ಲಿ, ಬ್ಯಾಟರಿಯ ಬೆಂಬಲದೊಂದಿಗೆ. ಗಾಡಿಯ ಕರೆಂಟ್ ಹೋಯಿತು ಅಂತ ಪಾಯಿಂಟ್ ಸತ್ತುಹೋಗಬಾರದು ಅನ್ನುವುದು ಅಲ್ಲಿ ಮೂಲ ನಿಯಮ. ಮನೆಯ ಹಲಗೆಯ ಅಡಿಯಲ್ಲೂ ಅದನ್ನೇ ಪಾಲಿಸಬಹುದು, ಖರ್ಚೂ ಜಾಸ್ತಿ ಇಲ್ಲ.

ಬೂಸ್ಟರಿನ ಔಟ್‌ಪುಟ್ಟಿನಿಂದ ಎರಡು ಜೋಡಿ ವಯರ್ ಹೊರಡಿಸಿ. ಒಂದು ಜೋಡಿ ಹಳಿಗೆ, ಇನ್ನೊಂದು ಜೋಡಿ ಆಕ್ಸೆಸರಿ ಡಿಕೋಡರುಗಳಿಗೆ. ಇವಕ್ಕೆ ಬಸ್ ಅನ್ನುತ್ತಾರೆ: ಹಳಿ ಬಸ್, ಆಕ್ಸೆಸರಿ ಬಸ್. ಬರೀ ಎರಡು ಜೋಡಿ ಎಳೆದರೆ ಸಾಲದು, ಎರಡೂ ಒಂದೇ ಕಡೆಯಿಂದ ಬರುವುದರಿಂದ ಶಾರ್ಟ್ ಆದರೆ ಎರಡೂ ಹೋಗುತ್ತವೆ. ಹಳಿ ಬಸ್ಸಿನ ದಾರಿಯಲ್ಲಿ ಮಾತ್ರ ಒಂದು ಕಾವಲು ಬೇಕು. ಹಳಿಯಲ್ಲಿ ಶಾರ್ಟ್ ಆದರೆ ಬೂಸ್ಟರಿಗೆ ಗೊತ್ತಾಗುವ ಮೊದಲೇ ಅದು ಹಳಿಯನ್ನಷ್ಟೇ ಕಡಿಯಬೇಕು. ಇದಕ್ಕಾಗಿ ಡಿಸಿಸಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬ್ರೇಕರ್ ಸಿಗುತ್ತದೆ. ಬೂಸ್ಟರ್ ಕಡಿಯುವ ಆಂಪಿಯರಿಗಿಂತ ಕಡಿಮೆಗೆ, ಅದಕ್ಕಿಂತ ಬೇಗ ಕಡಿಯುವ ಹಾಗೆ ಅದನ್ನು ಸೆಟ್ ಮಾಡಬೇಕು. ಮನೆಯ ಡಿಬಿಯಲ್ಲಿರುವ ಎಂಸಿಬಿ ಇದಕ್ಕೆ ಆಗುವುದಿಲ್ಲ, ಅದು ತುಂಬ ನಿಧಾನ.

ಬ್ರೇಕರ್ ತರಿಸಿಕೊಳ್ಳುವ ತನಕ ಒಂದು ಹಳೆಯ ಉಪಾಯ ಇದೆ. ಕಾರಿನ ಬ್ರೇಕ್ ಲೈಟಿಗೆ ಹಾಕುವ 12 ವೋಲ್ಟ್, 21 ವ್ಯಾಟ್ ಬಲ್ಬ್. ಕಾಸರಗೋಡಿನ ಯಾವ ಆಟೋ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಹಳಿ ಬಸ್ಸಿನ ಒಂದು ವಯರಿನ ನಡುವೆ ಸೇರಿಸಿ. ಒಂದೆರಡು ಗಾಡಿ ಓಡುವಾಗ ಬಲ್ಬ್ ಉರಿಯುವುದೇ ಇಲ್ಲ ಅನ್ನಬಹುದು, ಯಾಕೆಂದರೆ ತಣ್ಣಗಿರುವ ತಂತಿಗೆ ರೆಸಿಸ್ಟೆನ್ಸ್ ತೀರ ಕಡಿಮೆ. ಹಳಿಯಲ್ಲಿ ಶಾರ್ಟ್ ಆದ ಕೂಡಲೇ ಬಲ್ಬ್ ಪ್ರಖರವಾಗಿ ಉರಿದು ತಂತಿ ಬಿಸಿಯಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಕರೆಂಟ್ ಸುಮಾರು 2 ಆಂಪಿಯರಿನಲ್ಲಿ ನಿಲ್ಲುತ್ತದೆ. ಬೂಸ್ಟರ್ 5 ಆಂಪಿಯರಿನದ್ದಾದರೆ ಅದಕ್ಕೆ ಇದು ಶಾರ್ಟ್ ಅನ್ನಿಸುವುದೇ ಇಲ್ಲ. ಹಳಿಯಲ್ಲಿ ಗಾಡಿ ನಿಂತಿರುತ್ತದೆ, ಆಕ್ಸೆಸರಿ ಬಸ್ಸಿನಲ್ಲಿ ಪೂರ್ತಿ ವೋಲ್ಟೇಜ್ ಇರುತ್ತದೆ. ಬಟನ್ ಒತ್ತಿದರೆ ಪಾಯಿಂಟ್ ತಿರುಗುತ್ತದೆ, ಫ್ರಾಗ್ ಸರಿಯಾದ ಕಡೆಗೆ ಸೇರುತ್ತದೆ, ಬಲ್ಬ್ ಆರುತ್ತದೆ, ಗಾಡಿ ಮುಂದೆ ಹೋಗುತ್ತದೆ. ಒಂದು ಎಚ್ಚರಿಕೆ: ಉರಿಯುವ ಬಲ್ಬ್ ಚೆನ್ನಾಗಿ ಕಾಯುತ್ತದೆ. ಅದನ್ನು ಹೋಲ್ಡರಿನಲ್ಲಿ ಹಾಕಿ, ಪ್ಲೈವುಡ್ಡಿಗೂ ವಯರಿಗೂ ತಾಗದ ಹಾಗೆ, ಕಣ್ಣಿಗೆ ಕಾಣುವ ಜಾಗದಲ್ಲಿ ಇಡಬೇಕು. ಬೂಸ್ಟರ್ ಬರೀ 2 ಆಂಪಿಯರಿನದ್ದಾದರೆ ಈ ಉಪಾಯ ನಡೆಯುವುದಿಲ್ಲ.

ಇನ್ನೂ ಒಳ್ಳೆಯ ದಾರಿ ಅಂದರೆ ಡಿಕೋಡರಿಗೆ ಆರ್ಡರ್ ಮಾತ್ರ ಆಕ್ಸೆಸರಿ ಬಸ್ಸಿನಿಂದ, ಮೋಟರ್ ಓಡಿಸುವ ಕರೆಂಟ್ ಬೇರೆ 12 ವೋಲ್ಟ್ ಅಡಾಪ್ಟರಿನಿಂದ ಕೊಡುವುದು. ಪವರ್ ಇನ್‌ಪುಟ್ ಬೇರೆಯೇ ಇರುವ ಡಿಕೋಡರುಗಳು ಸಿಗುತ್ತವೆ. ಹಾಗೆ ಮಾಡಿದರೆ ಬೂಸ್ಟರಿನ ಆಂಪಿಯರ್ ಪೂರ್ತಿ ಗಾಡಿಗಳಿಗೇ ಉಳಿಯುತ್ತದೆ. ಹತ್ತು ಹನ್ನೆರಡು ಪಾಯಿಂಟಿಗಿಂತ ಜಾಸ್ತಿ ಇದ್ದರೆ ನಾನು ಇದನ್ನೇ ಆರಿಸುತ್ತೇನೆ.

ಮೂರು ಬಗೆಯ ಮೋಟರ್

ಮೋಟರ್ ಯಾವುದು ಅನ್ನುವುದರ ಮೇಲೆ ಉಳಿದ ವಯರಿಂಗ್ ನಿಂತಿದೆ.

ಮೊದಲನೆಯದು ಸೋಲೆನಾಯ್ಡ್. ಎರಡು ಕಾಯಿಲ್, ನಡುವೆ ಒಂದು ಕಬ್ಬಿಣದ ಸರಳು. ಈ ಕಾಯಿಲಿಗೆ ಕರೆಂಟ್ ಕೊಟ್ಟರೆ ಸರಳು ಈಚೆಗೆ, ಆ ಕಾಯಿಲಿಗೆ ಕೊಟ್ಟರೆ ಆಚೆಗೆ. ಠಕ್ ಅಂತ ಬಡಿಯುತ್ತದೆ. ಪೆಕೊದ ಪಿಎಲ್-10 ಈ ಜಾತಿಯದ್ದು. ಕಾಯಿಲಿನ ರೆಸಿಸ್ಟೆನ್ಸ್ ನಾಲ್ಕೈದು ಓಮ್ ಅಷ್ಟೇ, ಆದ್ದರಿಂದ ಹಲವು ಆಂಪಿಯರ್ ಎಳೆಯುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಅದಕ್ಕಿಂತ ಜಾಸ್ತಿ ಹೊತ್ತು ಕರೆಂಟ್ ನಿಂತರೆ ಕಾಯಿಲ್ ಸುಟ್ಟು ಕರಟಿಹೋಗುತ್ತದೆ.

ಇಷ್ಟು ದೊಡ್ಡ ಹೊಡೆತವನ್ನು ಸಣ್ಣ ಅಡಾಪ್ಟರಿನಿಂದ ಪಡೆಯಲು ಸಿಡಿಯು ಅನ್ನುವ ಸರ್ಕ್ಯೂಟ್ ಬಳಸುತ್ತಾರೆ. ಅದರ ಜೀವಾಳ ಒಂದು ದೊಡ್ಡ ಕೆಪಾಸಿಟರ್. ನಮ್ಮ ಕಡೆಯ ಸುರಂಗದ ನೀರಿನ ವ್ಯವಸ್ಥೆ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಗುಡ್ಡದ ಒಳಗಿನಿಂದ ನೀರು ಬೆರಳು ಗಾತ್ರದಲ್ಲಿ ಸುರಿಯುತ್ತಿರುತ್ತದೆ, ಅದು ರಾತ್ರಿಯಿಡೀ ಕೆರೆಗೆ ತುಂಬುತ್ತದೆ, ಬೆಳಗ್ಗೆ ತೂಬು ತೆಗೆದರೆ ಅಡಿಕೆ ತೋಟಕ್ಕೆ ಒಮ್ಮೆಲೇ ಹರಿಯುತ್ತದೆ. ಸಿಡಿಯುನಲ್ಲಿ ಅಡಾಪ್ಟರಿನ ಸಣ್ಣ ಕರೆಂಟ್ ಕೆಪಾಸಿಟರಿಗೆ ತುಂಬುತ್ತದೆ, ಬಟನ್ ಒತ್ತಿದಾಗ ಕಾಯಿಲಿಗೆ ಒಮ್ಮೆಲೇ ಸುರಿಯುತ್ತದೆ. ಖಾಲಿಯಾದ ಮೇಲೆ ಕಾಯಿಲ್ ಸುಡುವಷ್ಟು ಕರೆಂಟ್ ಉಳಿದಿರುವುದಿಲ್ಲ, ಇದು ಅದರ ಎರಡನೇ ಲಾಭ. 4700 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 22 ವೋಲ್ಟಿಗೆ ತುಂಬಿಸಿದರೆ ಅದರಲ್ಲಿ ಒಂದು ಜೂಲ್‌ಗಿಂತ ಸ್ವಲ್ಪ ಜಾಸ್ತಿ ಶಕ್ತಿ ಇರುತ್ತದೆ. ಒಂದು ಪಾಯಿಂಟ್ ಬಡಿಯಲು ಅಷ್ಟು ಸಾಕು. ಸೋಲೆನಾಯ್ಡಿಗೆಂದೇ ಮಾಡಿದ ಎಷ್ಟೋ ಡಿಕೋಡರುಗಳ ಒಳಗೆ ಇದು ಇರುತ್ತದೆ. ಆದರೆ ಒಂದರ ಬೆನ್ನಿಗೆ ಒಂದರಂತೆ ನಾಲ್ಕು ಪಾಯಿಂಟ್ ತಿರುಗಿಸುವ ರೂಟ್ ಮಾಡಿಕೊಂಡಿದ್ದರೆ ನಡುವೆ ಒಂದೊಂದು ಸೆಕೆಂಡ್ ಬಿಡಬೇಕು, ಮತ್ತೆ ತುಂಬಲು ಅಷ್ಟು ಹೊತ್ತು ಬೇಕು. ಮೊದಲ ಎರಡು ಬಡಿದು ಮೂರನೆಯದು ಅರ್ಧಕ್ಕೆ ನಿಂತರೆ ಮೋಟರಿನ ಮೇಲೆ ಅನುಮಾನ ಪಡುವ ಮೊದಲು ಇದನ್ನು ನೋಡಿ.

ಎರಡನೆಯದು ನಿಧಾನಕ್ಕೆ ತಿರುಗುವ ಸ್ಟಾಲ್ ಮೋಟರ್. ಸರ್ಕಿಟ್ರಾನ್ ಕಂಪನಿಯ ಟಾರ್ಟಾಯ್ಸ್ ಇದರಲ್ಲಿ ಹೆಸರುವಾಸಿ. ಒಳಗೆ ಸಣ್ಣ ಡಿಸಿ ಮೋಟರ್, ಗೇರುಗಳು. ಪಾಯಿಂಟಿನ ನಾಲಗೆ, ಅಂದರೆ ದಾರಿ ಬದಲಿಸಲು ಆಚೀಚೆ ಸರಿಯುವ ಚೂಪು ಹಳಿ, ಎರಡು ಮೂರು ಸೆಕೆಂಡ್ ಹಿಡಿದು ಸರಿಯುತ್ತದೆ, ನೋಡಲು ನಿಜವಾದ ಪಾಯಿಂಟಿನ ಚಲನೆಯೇ. ಕೊನೆ ಮುಟ್ಟಿದ ಮೇಲೂ ಕರೆಂಟ್ ಹಾಗೇ ಇರುತ್ತದೆ, ಮೋಟರ್ ಒತ್ತಿ ಹಿಡಿದು ನಿಲ್ಲುತ್ತದೆ. ಆಗಲೂ ಎಳೆಯುವುದು ಹದಿನೈದು ಮಿಲಿಆಂಪಿಯರಿನ ಆಸುಪಾಸು. ಇಪ್ಪತ್ತು ಮೋಟರ್ ಒಟ್ಟಿಗೆ ಇದ್ದರೂ ಅರ್ಧ ಆಂಪಿಯರ್ ಆಗುವುದಿಲ್ಲ. ಸುಡುವ ಭಯವೂ ಇಲ್ಲ.

ಟಾರ್ಟಾಯ್ಸಿನ ಅಂಚಿನಲ್ಲಿ ಎಂಟು ಕಾಲುಗಳಿವೆ. 1 ಮತ್ತು 8 ಮೋಟರಿಗೆ. ನಡುವಿನ ಆರು ಕಾಲುಗಳು ಎರಡು ಸ್ವಿಚ್ಚಿನವು: 4 ಸಾಮಾನ್ಯ ಕಾಲು, ಅದು 2ಕ್ಕೋ 3ಕ್ಕೋ ಸೇರುತ್ತದೆ. 5 ಇನ್ನೊಂದು ಸಾಮಾನ್ಯ ಕಾಲು, ಅದು 6ಕ್ಕೋ 7ಕ್ಕೋ ಸೇರುತ್ತದೆ. ಫ್ರಾಗಿನ ವಯರನ್ನು 4ಕ್ಕೆ ಹಾಕಿ, 2 ಮತ್ತು 3ಕ್ಕೆ ಹಳಿ ಬಸ್ಸಿನ ಎರಡು ವಯರ್ ಹಾಕಿದರೆ ಫ್ರಾಗ್ ತಾನಾಗಿ ಕಡೆ ಬದಲಿಸುತ್ತದೆ. ಇಲ್ಲಿ ಗಮನಿಸಿ, ಹಳಿ ಬಸ್ಸಿನದ್ದು, ಆಕ್ಸೆಸರಿ ಬಸ್ಸಿನದ್ದಲ್ಲ. ಎರಡು ಬಸ್ಸುಗಳು ಒಂದೇ ಮೋಟರಿಗೆ ಬಂದರೂ ಕೂಡುವುದು ಎಲ್ಲೂ ಇರಬಾರದು. ಫ್ರಾಗಿಗೆ ಆಕ್ಸೆಸರಿ ಬಸ್ಸಿನಿಂದ ಕೊಟ್ಟರೆ ಆ ಶಾರ್ಟ್ ಕಾವಲನ್ನು ತಪ್ಪಿಸಿಕೊಂಡು ನೇರ ಬೂಸ್ಟರಿಗೆ ಹೋಗುತ್ತದೆ, ಎರಡನೇ ಜೋಡಿ ಎಳೆದದ್ದೇ ದಂಡ. 2 ಮತ್ತು 3 ಅದಲು ಬದಲಾಗಿದ್ದರೆ ಮೊದಲ ಗಾಡಿಗೇ ಗೊತ್ತಾಗುತ್ತದೆ, ಸರಿಯಾಗಿ ತಿರುಗಿಸಿದ ಪಾಯಿಂಟಿನಲ್ಲೂ ಶಾರ್ಟ್ ಬರುತ್ತದೆ. ಎರಡು ವಯರ್ ಬದಲಿಸಿದರೆ ಮುಗಿಯಿತು. ಇನ್ನೊಂದು ಮಾತು: ಟಾರ್ಟಾಯ್ಸಿನ ಮೋಟರಿಗೆ ಡಿಸಿ ಬೇಕು. ಬಸ್ಸಿನ ವಯರನ್ನು ನೇರ 1 ಮತ್ತು 8ಕ್ಕೆ ಕೊಡಬಾರದು, ನಡುವೆ ಡಿಕೋಡರ್ ಇರಲೇಬೇಕು.

ಮೋಟರ್ ನಿಧಾನ ಆದ್ದರಿಂದ ಒಂದು ಸೂಕ್ಷ್ಮ ಇದೆ. ನಾಲಗೆ ಒಂದು ಕಡೆಯ ಹಳಿಯನ್ನು ಬಿಡುವ ಮೊದಲೇ ಫ್ರಾಗಿನ ಸ್ವಿಚ್ ಬದಲಾದರೆ, ನಾಲಗೆಯೂ ಫ್ರಾಗೂ ಲೋಹದಲ್ಲಿ ಕೂಡಿರುವ ಪಾಯಿಂಟುಗಳಲ್ಲಿ ಆ ಕ್ಷಣಕ್ಕೆ ಶಾರ್ಟ್ ಆಗುತ್ತದೆ. ಪರಿಹಾರ ಹೀಗೆ: ಪಾಯಿಂಟನ್ನು ಹಲಗೆಗೆ ಕೂರಿಸುವ ಮೊದಲೇ ಮಗುಚಿ ಹಿಡಿದು, ನಾಲಗೆಗೂ ಫ್ರಾಗಿಗೂ ಇರುವ ಕೊಂಡಿ ವಯರನ್ನು ಕತ್ತರಿಸಿ. ಆಮೇಲೆ ಎರಡು ನಾಲಗೆಗಳನ್ನು ಅವುಗಳ ಪಕ್ಕದ ಹೊರ ಹಳಿಗೆ ಸಣ್ಣ ವಯರಿನಿಂದ ಬೆಸೆಯಿರಿ. ಆಗ ನಾಲಗೆ ಯಾವಾಗಲೂ ತನ್ನ ಪಕ್ಕದ ಹಳಿಯದ್ದೇ ಕರೆಂಟಿನಲ್ಲಿರುತ್ತದೆ. ಹಳಿ ಅಂಟಿಸಿ ಜಲ್ಲಿ ಹಾಕಿದ ಮೇಲೆ ಈ ಕೆಲಸ ಮಾಡುವುದು ಬಹಳ ಕಷ್ಟ, ಮೊದಲೇ ಮಾಡಿಟ್ಟುಕೊಳ್ಳಿ.

ಮೂರನೆಯದು ಸರ್ವೋ. ಆಟಿಕೆ ವಿಮಾನಗಳಲ್ಲಿ ಬಳಸುವ 9 ಗ್ರಾಮಿನ ನೀಲಿ ಎಸ್‌ಜಿ90. ಬೆಲೆ ಕಡಿಮೆ, ಸುಲಭಕ್ಕೆ ಸಿಗುತ್ತದೆ, ನಮ್ಮಲ್ಲಿ ತುಂಬ ಜನ ಇದನ್ನೇ ಹಿಡಿಯುತ್ತಾರೆ. ಇದಕ್ಕೆ ಮೂರು ವಯರ್: ಕಂದು ಗ್ರೌಂಡ್, ಕೆಂಪು 5 ವೋಲ್ಟ್, ಕಿತ್ತಳೆ ಸಿಗ್ನಲ್. ಸೆಕೆಂಡಿಗೆ 50 ಸಲ ಒಂದು ಸಣ್ಣ ಪಲ್ಸ್ ಕಳಿಸಬೇಕು, ಅದರ ಉದ್ದ 1ರಿಂದ 2 ಮಿಲಿಸೆಕೆಂಡ್. ಉದ್ದ ಎಷ್ಟೋ ಅದರ ಮೇಲೆ ಸರ್ವೋದ ಕೋನ. ಸರ್ವೋ ಡಿಕೋಡರ್ ಕೊಳ್ಳಬಹುದು, ಆರ್ಡುಯಿನೋ ಅನ್ನುವ, ಪ್ರೋಗ್ರಾಂ ಬರೆದು ಓಡಿಸುವ ಸಣ್ಣ ಬೋರ್ಡ್ ಹಾಕಿ ತಾವೇ ಮಾಡಿಕೊಳ್ಳಬಹುದು. ತಾವೇ ಮಾಡುವವರು ಡಿಸಿಸಿ ವಯರನ್ನು ನೇರ ಆರ್ಡುಯಿನೋಗೆ ತಾಗಿಸಬಾರದು. ನಡುವೆ 6ಎನ್137 ಅನ್ನುವ ಆಪ್ಟೋಕಪ್ಲರ್ ಹಾಕಬೇಕು, ಅದು ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುತ್ತದೆ, ಎರಡು ಕಡೆಯ ಕರೆಂಟ್ ಒಂದಕ್ಕೊಂದು ಮುಟ್ಟುವುದಿಲ್ಲ.

ಸರ್ವೋದಲ್ಲಿ ಫ್ರಾಗ್ ಸ್ವಿಚ್ ಇರುವುದಿಲ್ಲ, ಮೈಕ್ರೋಸ್ವಿಚ್ ಅಥವಾ ರಿಲೇ ಬೇರೆ ಜೋಡಿಸಬೇಕು. ಇನ್ನೊಂದು ದೊಡ್ಡ ವಿಷಯ ಕರೆಂಟ್ ಹೋಗಿ ಬರುವುದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾತು. ಪ್ರತಿ ಸಲ ಬಂದಾಗಲೂ ಎಲ್ಲ ಸರ್ವೋಗಳು ಒಟ್ಟಿಗೆ ಜಿಗಿಯುತ್ತವೆ. ಹೀಗೆ ಒದ್ದಾಡುವಾಗ ಒಂದೊಂದೂ ಅರ್ಧ ಆಂಪಿಯರಿಗಿಂತ ಜಾಸ್ತಿ ಎಳೆಯಬಹುದು. ಮೊಬೈಲ್ ಚಾರ್ಜರಿನಲ್ಲಿ ಎಂಟು ಸರ್ವೋ ಓಡಿಸಲು ಹೋದರೆ ವೋಲ್ಟೇಜ್ ಕುಸಿದು ಆರ್ಡುಯಿನೋ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಸರ್ವೋಗಳಿಗೆ ಗಟ್ಟಿಯಾದ 5 ವೋಲ್ಟ್ ಸಪ್ಲೈ ಕೊಡಿ, ಒಂದರ ನಂತರ ಒಂದು ಏಳುವ ಹಾಗೆ ಪ್ರೋಗ್ರಾಂ ಮಾಡಿ.

ಭಾವನ ಲೇಔಟಿಗೆ ಮುಂದೆ ಕಾಣುವ ಸ್ಟೇಷನ್ ಪಾಯಿಂಟುಗಳಿಗೆ ಸ್ಟಾಲ್ ಮೋಟರ್, ಹಿಂದಿನ ಸೈಡಿಂಗಿಗೆ ಸೋಲೆನಾಯ್ಡ್ ಅಂತ ತೀರ್ಮಾನವಾಯಿತು. ದುಡ್ಡಿನ ಲೆಕ್ಕಕ್ಕೂ ಅದು ಹೊಂದಿತು.

ವಯರ್, ಬೆಸುಗೆ, ಮಳೆಗಾಲ

ಬಸ್ಸಿಗೆ ಮನೆ ವಯರಿಂಗಿನ 2.5 ಸ್ಕ್ವೇರ್ ಎಂಎಂ ವಯರ್ ಚೆನ್ನಾಗಿ ಆಗುತ್ತದೆ. ದಪ್ಪ ಯಾಕೆ ಅನ್ನುವುದಕ್ಕೆ ಲೆಕ್ಕ ಇಲ್ಲಿದೆ. ಬೂಸ್ಟರಿನಿಂದ 5 ಮೀಟರ್ ದೂರ, ಹೋಗಿ ಬರಲು 10 ಮೀಟರ್ ವಯರ್. 3 ಆಂಪಿಯರ್ ಹರಿದರೆ 2.5 ಸ್ಕ್ವೇರಿನಲ್ಲಿ ಕಳೆದುಹೋಗುವುದು ಸುಮಾರು 0.2 ವೋಲ್ಟ್. ಅದೇ 0.5 ಸ್ಕ್ವೇರಿನಲ್ಲಿ 1 ವೋಲ್ಟ್. ವೋಲ್ಟೇಜಿಗಿಂತ ಮುಖ್ಯ ಇನ್ನೊಂದಿದೆ: ವಯರ್ ಸಣ್ಣದಾಗಿ, ಜಾಯಿಂಟ್ ಸಡಿಲಾಗಿ ರೆಸಿಸ್ಟೆನ್ಸ್ ಜಾಸ್ತಿಯಾದರೆ ದೂರದಲ್ಲಿ ಶಾರ್ಟ್ ಆದಾಗ ಬೂಸ್ಟರಿಗೋ ಬ್ರೇಕರಿಗೋ ಅದು ಗೊತ್ತಾಗುವಷ್ಟು ಆಂಪಿಯರ್ ಹರಿಯುವುದೇ ಇಲ್ಲ. ಕಡಿಯದೆ ಹಾಗೇ ಹರಿಯುತ್ತಾ ಇಂಜಿನ್ನಿನ ಗಾಲಿಯ ಬುಡದಲ್ಲಿ ಪ್ಲಾಸ್ಟಿಕ್ ಕರಗುತ್ತದೆ. ಬಸ್ಸಿನಿಂದ ಹಳಿಗೆ ಏರುವ ಡ್ರಾಪರ್ ವಯರ್ 0.5 ಸ್ಕ್ವೇರ್ ಸಾಕು, ಒಂದು ಗೇಣು ಉದ್ದ ಅಷ್ಟೇ ಇರುವುದರಿಂದ.

ಸ್ಟಾಲ್ ಮೋಟರಿಗೆ ಎಷ್ಟು ಸಪೂರ ವಯರೂ ನಡೆಯುತ್ತದೆ. ಸೋಲೆನಾಯ್ಡಿಗೆ ನಡೆಯುವುದಿಲ್ಲ. 4 ಓಮಿನ ಕಾಯಿಲಿಗೆ 5 ಮೀಟರ್ ದೂರದಿಂದ 0.2 ಸ್ಕ್ವೇರ್ ವಯರ್ ಎಳೆದರೆ ಹೊಡೆತದ ಸುಮಾರು ಆರನೇ ಒಂದು ಪಾಲು ವಯರಿನಲ್ಲೇ ಹೋಗುತ್ತದೆ. ಡಿಕೋಡರನ್ನು ಪಾಯಿಂಟಿನ ಹತ್ತಿರವೇ ಇಟ್ಟು ಬಸ್ಸನ್ನು ಅಲ್ಲಿಯ ತನಕ ಒಯ್ಯಿರಿ.

ಬಣ್ಣ ಮೊದಲೇ ನಿರ್ಧರಿಸಿ. ಹಳಿ ಬಸ್ ಕೆಂಪು ಕಪ್ಪು, ಆಕ್ಸೆಸರಿ ಬಸ್ ಹಳದಿ ನೀಲಿ, ಫ್ರಾಗ್ ವಯರ್ ಹಸಿರು. ಮನೆ ವಯರಿಂಗಿನಲ್ಲೂ ಇದೇ ಬಣ್ಣಗಳು ಇರುವುದರಿಂದ ಒಂದು ಕಟ್ಟುನಿಟ್ಟು ಇರಲಿ: 230 ವೋಲ್ಟ್ ಹಲಗೆಯ ಅಡಿಗೆ ಬರಲೇಬಾರದು. ಅಡಾಪ್ಟರುಗಳೆಲ್ಲ ಗೋಡೆಯ ಹತ್ತಿರವೇ ಇರಲಿ, ಲೇಔಟಿಗೆ ಕಡಿಮೆ ವೋಲ್ಟೇಜ್ ಮಾತ್ರ ಬರಲಿ. ಎರಡು ಬಸ್ಸುಗಳನ್ನು ಹಲಗೆಯ ಬೇರೆ ಬೇರೆ ಬದಿಯಲ್ಲಿ ಒಯ್ದರೆ ಅಡಿಯಲ್ಲಿ ಮಲಗಿ ಕೆಲಸ ಮಾಡುವಾಗ ತಲೆಕೆಡುವುದಿಲ್ಲ.

ಜಾಯಿಂಟುಗಳ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ತಾಮ್ರವನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ನಮ್ಮ ಕಡೆ ಎರಡು ಮಳೆಗಾಲ ತಡೆಯುವುದಿಲ್ಲ. ಟೇಪಿನ ಅಂಟು ಜಾರುತ್ತದೆ, ಒಳಗೆ ಹಸಿರು ಕಿಲುಬು ಕಟ್ಟುತ್ತದೆ. ಬಸ್ಸಿನ ಇನ್ಸುಲೇಶನ್ ಒಂದು ಬೆರಳಗಲ ಸುಲಿದು, ಡ್ರಾಪರನ್ನು ಮೂರು ಸುತ್ತು ಸುತ್ತಿ ಬೆಸೆಯಿರಿ. ರೋಸಿನ್ ಇರುವ ಸೀಸದ ತಂತಿ ಬಳಸಿ. ತಗಡು ಬೆಸೆಯುವವರು ಹಚ್ಚುವ ಆಸಿಡ್ ಫ್ಲಕ್ಸ್ ಇಲ್ಲಿ ಬೇಡ, ಅದರ ಪಸೆ ಉಳಿದು ತೇವ ಸೇರಿದರೆ ವಯರನ್ನೇ ತಿನ್ನುತ್ತದೆ. ಕಾದ ಸೀಸ ಮೇಲಿನಿಂದ ಮುಖಕ್ಕೆ ಬೀಳುವುದರಿಂದ ಅಡಿಯಲ್ಲಿ ಮಲಗಿ ಬೆಸೆಯುವಾಗ ಕನ್ನಡಕ ಹಾಕಲೇಬೇಕು. ಸಾಧ್ಯವಾದಷ್ಟನ್ನು ಮೇಜಿನ ಮೇಲೆಯೇ ಮುಗಿಸಿ. ಟಾರ್ಟಾಯ್ಸಿನ ಎಂಟು ಕಾಲಿಗೂ ವಯರ್ ಬೆಸೆದು, ಇನ್ನೊಂದು ತುದಿಗೆ ಫೆರುಲ್ ಅನ್ನುವ ಲೋಹದ ಕೊಳವೆ ಒತ್ತಿ, ಹಲಗೆಯ ಅಡಿಯಲ್ಲಿ ಸ್ಕ್ರೂ ಟರ್ಮಿನಲ್ಲಿಗೆ ಸಿಕ್ಕಿಸುವುದಷ್ಟೇ ಉಳಿಸಿಕೊಂಡರೆ ಮುಂದೆ ಮೋಟರ್ ಬದಲಿಸುವಾಗಲೂ ಸುಲಭ.

ನಂಬರ್ ಕೊಟ್ಟು ಪರೀಕ್ಷೆ

ಹೆಚ್ಚಿನ ಆಕ್ಸೆಸರಿ ಡಿಕೋಡರಿನಲ್ಲಿ ಒಂದು ಸಣ್ಣ ಬಟನ್ ಇರುತ್ತದೆ. ಅದನ್ನು ಒತ್ತಿ ಹಿಡಿದು, ಕಂಟ್ರೋಲರಿನಿಂದ ಬೇಕಾದ ಪಾಯಿಂಟ್ ನಂಬರಿಗೆ ಒಂದು ಆರ್ಡರ್ ಕಳಿಸಿದರೆ ಅದು ಆ ನಂಬರನ್ನು ತನ್ನದು ಮಾಡಿಕೊಳ್ಳುತ್ತದೆ. ನಾಲ್ಕು ಔಟ್‌ಪುಟ್ಟಿನದ್ದಾದರೆ ಸಾಮಾನ್ಯವಾಗಿ ನಾಲ್ಕು ನಂಬರ್ ಸಾಲಾಗಿ. ಕೆಲವು ಕಂಪನಿಗಳು ಲೆಕ್ಕ ಶುರುಮಾಡುವ ಜಾಗ ಬೇರೆ ಇರುವುದರಿಂದ ಒಬ್ಬರ ಕಂಟ್ರೋಲರಿನ 1 ಇನ್ನೊಬ್ಬರದ್ದರಲ್ಲಿ 5 ಆಗುತ್ತದೆ. ಪಾಯಿಂಟ್ ಅಲ್ಲಾಡದಿದ್ದರೆ ವಯರ್ ಬಿಚ್ಚುವ ಮೊದಲು ನಾಲ್ಕು ಕೂಡಿಸಿ, ಕಳೆದು ನೋಡಿ.

ಮೊದಲು ಹಳಿ ಬಸ್ಸನ್ನು ಮಾತ್ರ ಬೂಸ್ಟರಿನಿಂದ ಬಿಡಿಸಿ, ಹಳಿಯ ಮೇಲಿನ ಗಾಡಿಗಳನ್ನೆಲ್ಲ ತೆಗೆದು, ಮಲ್ಟಿಮೀಟರಿನ ಬೀಪ್ ಇಟ್ಟು ಎರಡು ಹಳಿಗಳ ನಡುವೆ ಶಬ್ದ ಬರುವುದಿಲ್ಲ ಅಂತ ಖಾತ್ರಿ ಮಾಡಿ. ಪ್ರತಿ ಪಾಯಿಂಟನ್ನೂ ಎರಡೂ ಕಡೆ ತಿರುಗಿಸಿ ಫ್ರಾಗ್ ಯಾವ ಹಳಿಗೆ ಸೇರುತ್ತದೆ ನೋಡಿ. ಆಮೇಲೆ ಹಳಿಗೂ ಕರೆಂಟ್ ಕೊಟ್ಟು, ಲೇಔಟಿನ ಅತಿ ದೂರದ ಮೂಲೆಯಲ್ಲಿ ಎರಡು ಹಳಿಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಡಿ. ಬ್ರೇಕರ್ ತಕ್ಷಣ ಕಡಿಯಬೇಕು, ಬಲ್ಬ್ ಹಾಕಿದ್ದರೆ ಪೂರ್ತಿ ಉರಿಯಬೇಕು. ನಾಣ್ಯ ತೆಗೆಯಬೇಡಿ. ಅದು ಅಲ್ಲೇ ಇರುವಾಗ ಒಂದೊಂದೇ ಪಾಯಿಂಟ್ ತಿರುಗಿಸಿ. ಎಲ್ಲವೂ ತಿರುಗಿದರೆ ಎರಡನೇ ಜೋಡಿ ವಯರ್ ತನ್ನ ಕೆಲಸ ಮಾಡುತ್ತಿದೆ. ಒಂದು ತಿರುಗದಿದ್ದರೆ ಆ ಡಿಕೋಡರ್ ಎಲ್ಲೋ ಹಳಿ ಬಸ್ಸಿಗೆ ಸೇರಿದೆ. ಈ ಪರೀಕ್ಷೆಯನ್ನು ಒಂದೊಂದು ಮೂಲೆಯಲ್ಲೂ ಮಾಡಿ, ನಾಣ್ಯ ಇಟ್ಟಾಗ ಕಡಿಯದ ಜಾಗ ಇದ್ದರೆ ಅಲ್ಲಿಗೆ ಇನ್ನೊಂದು ಜೋಡಿ ಡ್ರಾಪರ್ ಹಾಕಿ.

ಯಾವ ನಂಬರ್ ಯಾವ ಪಾಯಿಂಟ್, ಯಾವ ಬಣ್ಣ ಯಾವ ಕಾಲಿಗೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದು ಇಟ್ಟುಕೊಳ್ಳಿ, ವಯರಿಗೂ ಚೀಟಿ ಅಂಟಿಸಿ. ಮಳೆಗಾಲ ಮುಗಿದ ಮೇಲೆ ಸ್ಕ್ರೂ ಟರ್ಮಿನಲ್ಲುಗಳನ್ನೆಲ್ಲ ಒಮ್ಮೆ ಬಿಗಿ ಮಾಡಿ. ತೇವಕ್ಕೆ ಪ್ಲೈವುಡ್ ಉಬ್ಬಿ ಇಳಿದಾಗ ಮೋಟರಿನಿಂದ ಪಾಯಿಂಟಿಗೆ ಏರುವ ಉಕ್ಕಿನ ತಂತಿಯೂ ಜಾಗ ತಪ್ಪಿರಬಹುದು, ಅದನ್ನೂ ನೋಡಿ. ಅಕ್ಟೋಬರ್, ನವೆಂಬರಿನ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಬೂಸ್ಟರಿನದ್ದೂ ಅಡಾಪ್ಟರುಗಳದ್ದೂ ಪ್ಲಗ್ ಗೋಡೆಯಿಂದ ಎಳೆದು ಹೊರಗಿಡಿ.